ಭುಜದ ತಂತು ಹರಿದರೆ: ಹೊಲಿಗೆಯೋ, ಕಸರತ್ತೋ?



ಈ ಸಲದ ಅಂಚೆಯಲ್ಲಿ ಎರಡು ಪತ್ರಗಳು ಒಂದೇ ದಿನ ಕೈಸೇರಿದವು. ಒಂದು ದಾವಣಗೆರೆಯದು, ಇನ್ನೊಂದು ಹರಿಹರದ್ದು. ಎರಡರಲ್ಲೂ ದೂರು ಒಂದೇ: "ಬಲಗೈ ಮೇಲಕ್ಕೆ ಎತ್ತಾಕ್ ಆಗ್ತಿಲ್ರೀ ಅಕ್ಕಾ." ದೂರು ಒಂದೇ ಆದರೂ ಇಬ್ಬರಿಗೂ ಒಂದೇ ಉತ್ತರ ಕೊಟ್ಟರೆ ಅನ್ಯಾಯವಾದೀತು. ಅದಕ್ಕೇ ಈ ಸಲ ಬೇರೆ ಪತ್ರಗಳನ್ನು ಪಕ್ಕಕ್ಕಿಟ್ಟು ಪೂರ್ತಿ ಅಂಕಣವನ್ನು ಭುಜದ ನೋವಿಗೇ ಮೀಸಲಿಟ್ಟಿದ್ದೇನೆ.

ದಾವಣಗೆರೆಯ ಸೋದರಿಗೆ 63 ವರ್ಷ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ವರ್ಷದಿಂದೀಚೆಗೆ ಭುಜದ ನೋವು ಮೆಲ್ಲಮೆಲ್ಲಗೆ ಶುರುವಾಗಿ, ಈಗ ತಲೆ ಬಾಚಿ ತುರುಬು ಕಟ್ಟಿಕೊಳ್ಳಲೂ ಕಷ್ಟ. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಎಚ್ಚರವಾಗುತ್ತದೆ. ಸ್ಕ್ಯಾನ್ ಮಾಡಿಸಿದರೆ ರಿಪೋರ್ಟಿನಲ್ಲಿ "ತಂತು ಹರಿದಿದೆ" ಎಂದು ಬಂದಿದೆ. ಬೆಂಗಳೂರಿನಲ್ಲಿರುವ ಮಗ ರಿಪೋರ್ಟ್ ನೋಡಿ ಗಾಬರಿಯಾಗಿ, ಮುಂದಿನ ವಾರವೇ ಆಪರೇಷನ್ ಅನ್ನುತ್ತಿದ್ದಾನೆ. "ಈ ವಯಸ್ಸಿನಾಗೆ ನನಗೆ ಕತ್ತರಿ ಬೇಕೇನ್ರೀ?" ಎಂದು ಕೇಳಿದ್ದಾರೆ.

ಹರಿಹರದ ಸೋದರಿಗೆ 46. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ಮನೆ ನಡೆಸುವವರು. ಮೂರು ವಾರದ ಹಿಂದೆ ಬಚ್ಚಲಲ್ಲಿ ಕಾಲು ಜಾರಿ, ಕೈ ಊರಿ ಬಿದ್ದರು. ಭುಜದಲ್ಲಿ 'ಚಟ್' ಅಂದ ಹಾಗಾಯಿತಂತೆ. ಎಕ್ಸ್‌ರೇ ತೆಗೆಸಿದರು; ಮೂಳೆ ಮುರಿದಿಲ್ಲ ಅಂದರು. ಎಣ್ಣೆ ತಿಕ್ಕಿ ಪಟ್ಟಿ ಕಟ್ಟಿಸಿದ್ದೂ ಆಯಿತು. ಈಗ ಎಡಗೈಯಿಂದ ಬಲಗೈ ಹಿಡಿದೆತ್ತಿದರೆ ಏಳುತ್ತದೆ, ಬಿಟ್ಟರೆ ದೊಪ್ಪೆಂದು ಕೆಳಗೆ ಬೀಳುತ್ತದೆ. ಮನೆಯಲ್ಲಿ ಹೇಳುವುದೇನು? "ಮೂಳೆ ಮುರಿದಿಲ್ವಲ್ಲ, ಸರಿಹೋಗ್ತದೆ ಬಿಡು. ಮಗಳ ಮದುವೆ ಮುಗೀಲಿ, ಆಮೇಲೆ ನೋಡೋಣ."

ನೋಡಿದಿರಾ! ಅವಸರ ಬೇಡದವರಿಗೆ ಅವಸರ; ಅವಸರ ಬೇಕಾದವರಿಗೆ 'ಆಮೇಲೆ ನೋಡೋಣ'. ನಮ್ಮಲ್ಲಿ ಎರಡು ಗಾದೆಗಳಿವೆ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಅನ್ನುವುದು ಒಂದು. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುವುದು ಇನ್ನೊಂದು. ಭುಜದ ಕಾಯಿಲೆಯಲ್ಲಿ ಎರಡೂ ನಿಜ. ಯಾವ ಗಾದೆ ಯಾರಿಗೆ ಅನ್ವಯಿಸುತ್ತದೆ ಎಂದು ತಿಳಿಯುವುದರಲ್ಲೇ ಎಲ್ಲ ಇದೆ.

ಹರಿಯುವುದು ಯಾವುದು?

ನಮ್ಮ ಕಡೆ ಎಲ್ಲಕ್ಕೂ 'ನರ' ಎಂದುಬಿಡುತ್ತೇವೆ. ರಕ್ತ ಹರಿಯುವುದೂ ನರ, ಜೋಮು ಹಿಡಿಯುವುದೂ ನರ, ಮಾಂಸಖಂಡವನ್ನು ಮೂಳೆಗೆ ಕಟ್ಟುವುದೂ ನರ! ಇಲ್ಲಿ ಹರಿದಿರುವುದು ಈ ಕೊನೆಯದು. ಡಾಕ್ಟರು ಇದನ್ನು ಟೆಂಡನ್ ಅನ್ನುತ್ತಾರೆ, ಪುಸ್ತಕಗಳಲ್ಲಿ ಸ್ನಾಯುರಜ್ಜು ಎಂದಿದೆ. ನಾವು ಸುಲಭವಾಗಿ ತಂತು ಎನ್ನೋಣ. ಆದ್ದರಿಂದ "ನರ ಹರಿದಿದೆ" ಎಂದು ಯಾರಾದರೂ ಹೇಳಿದರೆ ಲಕ್ವ ಹೊಡೆಯುತ್ತದೇನೋ ಎಂದು ಎದೆ ಒಡೆದುಕೊಳ್ಳಬೇಡಿ.

ಭುಜದ ಕೀಲನ್ನು ಕಣ್ಣಮುಂದೆ ತಂದುಕೊಳ್ಳಿ. ಸಣ್ಣ ತಟ್ಟೆಯ ಮೇಲೆ ದೊಡ್ಡ ಲಾಡು ಇಟ್ಟಂತಿದೆ ಅದು. ತೋಳಿನ ಮೂಳೆಯ ತಲೆ ದೊಡ್ಡದು, ಅದು ಕೂರುವ ಗುಳಿ ಚಿಕ್ಕದು, ಆಳವೂ ಇಲ್ಲ. ಅದಕ್ಕೇ ಕೈ ಎಲ್ಲ ದಿಕ್ಕಿಗೂ ತಿರುಗುತ್ತದೆ; ಅದಕ್ಕೇ ಜಾರುವ ಭಯವೂ ಹೆಚ್ಚು. ಆ ಲಾಡು ಉರುಳದಂತೆ ನಾಲ್ಕು ಮಾಂಸಖಂಡಗಳ ತಂತುಗಳು ನಾಲ್ಕು ಬೆರಳುಗಳ ಹಾಗೆ ಮುಂದೆ, ಮೇಲೆ, ಹಿಂದೆ ಹಿಡಿದುಕೊಂಡಿವೆ. ಈ ಹಿಡಿತಕ್ಕೆ ರೊಟೇಟರ್ ಕಫ್ ಎಂದು ಹೆಸರು. ನಾಲ್ಕರಲ್ಲಿ ಮೇಲ್ಭಾಗದ್ದೇ ಹೆಚ್ಚಾಗಿ ಹರಿಯುವುದು. ಅದು ಹೆಗಲ ಮೂಳೆಯ ಚಾವಣಿಯಡಿ, ಇಕ್ಕಟ್ಟಾದ ಓಣಿಯಲ್ಲಿ ಹಾದುಹೋಗುತ್ತದೆ. ಕೈ ಮೇಲೆತ್ತಿದಾಗಲೆಲ್ಲ ಅಲ್ಲಿ ಒತ್ತಡ.

ಹರಿಯುವುದರಲ್ಲಿ ಎರಡು ಬಗೆ. ದಿನಾ ಉಟ್ಟ ಸೀರೆ ಮಡಿಕೆಯಲ್ಲಿ ಸವೆದು ಪಿಸಿಯುವಂತೆ, ವಯಸ್ಸಾದಂತೆ ಸವೆದು ಹರಿಯುವುದು ಒಂದು. ಹೊಸ ಸೀರೆ ಮೊಳೆಗೆ ಸಿಕ್ಕಿ ಪರ್ರೆಂದು ಹರಿಯುವಂತೆ, ಬಿದ್ದು ಪೆಟ್ಟಾಗಿ ಒಮ್ಮೆಲೇ ಹರಿಯುವುದು ಇನ್ನೊಂದು. ಪಿಸಿದ ಸೀರೆಗೆ ಹೊಲಿಗೆ ಹಾಕಿದರೆ ಪಕ್ಕದಲ್ಲಿ ಮತ್ತೆ ಬಿಡುವ ಭಯ. ಗಟ್ಟಿ ಬಟ್ಟೆಯ ಹರುಕಿಗೆ ಬೇಗ ಹೊಲಿಗೆ ಹಾಕಿದರೆ ನಿಲ್ಲುತ್ತದೆ. ಇಷ್ಟು ತಿಳಿದರೆ ಅರ್ಧ ವಿಷಯ ತಿಳಿದಂತೆ.

ಯಾರಿಗೆ ಬರುತ್ತದೆ?

ಐವತ್ತು ದಾಟಿದವರಿಗೆ, ಸಕ್ಕರೆ ಕಾಯಿಲೆಯವರಿಗೆ, ಬೀಡಿ ಸಿಗರೇಟು ಸೇದುವವರಿಗೆ, ಭುಜದ ಮಟ್ಟದಿಂದ ಮೇಲೆ ಕೈ ಆಡಿಸುವ ಕೆಲಸದವರಿಗೆ ಹೆಚ್ಚು. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳನ್ನು ನೋಡಿಲ್ಲದವರು ಯಾರು? ಆ ಬಿಸಿಯ ಮುಂದೆ ದಿನವಿಡೀ ಹುರಿಯುವ, ಎತ್ತಿ ಸುರಿಯುವ ಕೈಗಳು ಎಷ್ಟು ದುಡಿಯುತ್ತವೆ! ಮನೆಯ ಹೆಣ್ಣುಮಕ್ಕಳ ಕೈಯೇನು ಕಡಿಮೆ ದುಡಿಯುತ್ತದೆಯೇ? ಅಟ್ಟದಿಂದ ಅಕ್ಕಿ ಡಬ್ಬಿ ಇಳಿಸುವುದು, ಎತ್ತರದ ತಂತಿಗೆ ಒದ್ದೆ ಹಚ್ಚಡ ಎಸೆಯುವುದು, ಕೊಡ ಎತ್ತುವುದು, ರೊಟ್ಟಿ ಬಡಿಯುವುದು, ನಿಂತ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ಜೋತಾಡುವುದು. ಸಂಬಳವಿಲ್ಲದ ಕೆಲಸಕ್ಕೆ ಸವೆತವಿಲ್ಲ ಎಂದು ಯಾರೂ ತಿಳಿಯಬೇಡಿ.

ಹರುಕೋ, ಬಿಗಿತವೋ?

ಭುಜ ನೋವೆಲ್ಲ ತಂತು ಹರಿದದ್ದಲ್ಲ. ಮಧ್ಯವಯಸ್ಸಿನ ಹೆಂಗಸರಿಗೆ, ಅದರಲ್ಲೂ ಸಕ್ಕರೆ ಕಾಯಿಲೆಯವರಿಗೆ, ಭುಜದ ಕೀಲು ಬಿಗಿದುಕೊಳ್ಳುವ ಕಾಯಿಲೆ ಬಹಳ ಸಾಮಾನ್ಯ. ಫ್ರೋಜನ್ ಶೋಲ್ಡರ್ ಅನ್ನುತ್ತಾರಲ್ಲ, ಅದು. ಮನೆಯಲ್ಲೇ ಒಂದು ಸುಳಿವು ಸಿಗುತ್ತದೆ. ಬಿಗಿದ ಭುಜವನ್ನು ಬೇರೆಯವರು ಹಿಡಿದೆತ್ತಿದರೂ ಅದು ಮೇಲೇಳುವುದಿಲ್ಲ, ತುಕ್ಕು ಹಿಡಿದ ಬಾಗಿಲಿನ ಹಾಗೆ. ತಂತು ಹರಿದ ಭುಜ ಇನ್ನೊಂದು ಕೈಯ ಸಹಾಯದಿಂದ ಎದ್ದೀತು, ಆದರೆ ತನ್ನ ಬಲದಿಂದ ಏಳಲಾರದು, ಎತ್ತಿದ್ದನ್ನು ಹಿಡಿದಿಡಲಾರದು. ಇದು ಸುಳಿವು ಮಾತ್ರ. ಎರಡೂ ಒಟ್ಟಿಗೇ ಇರಬಹುದು, ಕುತ್ತಿಗೆಯಿಂದ ಇಳಿದ ನೋವೂ ಇರಬಹುದು. ತೀರ್ಮಾನ ಮೂಳೆ ಡಾಕ್ಟರು ಕೈಯಾರೆ ಪರೀಕ್ಷಿಸಿ ಹೇಳಬೇಕು.

ಒಂದು ಎಚ್ಚರಿಕೆ. ಎಡ ಭುಜ, ದವಡೆ, ಬೆನ್ನಿನಲ್ಲಿ ನೋವು ಬಂದು ಜೊತೆಗೆ ಬೆವರು, ಏದುಸಿರು, ಹೊಟ್ಟೆ ತೊಳಸುವುದು ಇದ್ದರೆ ಅದು ಹೃದಯದ್ದಿರಬಹುದು. ಹೆಂಗಸರಿಗೆ ಎದೆನೋವಿಲ್ಲದೆಯೂ ಹೀಗೆ ಬರುವುದುಂಟು. ಆಗ ಬಿಸಿನೀರಿನ ಚೀಲ ಹುಡುಕುತ್ತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ರಿಪೋರ್ಟಿಗೆ ಹೆದರಬೇಡಿ

ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ತಂತು ಕಾಣುವುದಿಲ್ಲ. ಹರಿಹರದ ಸೋದರಿ ಇದನ್ನು ಮುಖ್ಯವಾಗಿ ಗಮನಿಸಬೇಕು. "ಎಕ್ಸ್‌ರೇ ಸರಿಯಾಗಿದೆ" ಎಂದರೆ "ಭುಜ ಸರಿಯಾಗಿದೆ" ಎಂದರ್ಥವಲ್ಲ. ತಂತು ಕಾಣಬೇಕಾದರೆ ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ. ಸ್ಕ್ಯಾನ್ ಬೇಕು.

ಇನ್ನು ದಾವಣಗೆರೆಯ ಸೋದರಿಗೆ. ಸ್ಕ್ಯಾನಿನಲ್ಲಿ ಹರುಕು ಕಂಡಿತು ಎಂದ ಮಾತ್ರಕ್ಕೆ ಆಪರೇಷನ್ ಆಗಲೇಬೇಕೆಂದಿಲ್ಲ. ಜಪಾನಿನಲ್ಲಿ ಒಂದು ಗುಡ್ಡಗಾಡು ಹಳ್ಳಿಯ 683 ಜನರ ಎರಡೂ ಭುಜಗಳನ್ನು ಅಲ್ಟ್ರಾಸೌಂಡಿನಿಂದ ನೋಡಿದರು. ಆ ವರದಿ 2010ರಲ್ಲಿ ಪ್ರಕಟವಾಯಿತು. ಐದು ಭುಜಕ್ಕೆ ಒಂದರಂತೆ ತಂತು ಪೂರ್ತಿ ಹರಿದಿತ್ತು! ಯಾವ ತೊಂದರೆಯೂ ಇಲ್ಲದ ಭುಜಗಳಲ್ಲೇ ನೂರಕ್ಕೆ ಸುಮಾರು 17ರಲ್ಲಿ ಹರುಕಿತ್ತು. ಅವರೆಲ್ಲ ಹೊಲ, ಮನೆ ನೋಡಿಕೊಂಡು ಆರಾಮವಾಗಿದ್ದವರೇ. ವಯಸ್ಸಾದಂತೆ ತಲೆಕೂದಲು ನೆರೆಯುವಂತೆ ತಂತು ಸವೆಯುವುದೂ ಉಂಟು. ಚಿಕಿತ್ಸೆ ಬೇಕಾದ್ದು ನಿಮ್ಮ ಕೈಗೆ, ರಿಪೋರ್ಟಿನ ಕಾಗದಕ್ಕಲ್ಲ.

ಕತ್ತರಿ ಇಲ್ಲದ ದಾರಿ

ಪೆಟ್ಟಿಲ್ಲದೆ, ಸವೆದು ಹರಿದವರಿಗೆ ಮೊದಲ ದಾರಿ ಇದೇ. ಮೂರು ತಿಂಗಳು ಮನಸ್ಸಿಟ್ಟು ವ್ಯಾಯಾಮ ಮಾಡಿ ನೋಡುವುದು. ಅಮೆರಿಕದಲ್ಲಿ ಇಂಥ 452 ಜನಕ್ಕೆ ಮೊದಲು ವ್ಯಾಯಾಮವನ್ನೇ ಕೊಟ್ಟು ನೋಡಿದರು. ಎರಡು ವರ್ಷ ಕಳೆದರೂ ಆಪರೇಷನ್ ಬೇಕೆಂದವರು ನಾಲ್ಕರಲ್ಲಿ ಒಬ್ಬರಿಗಿಂತ ಕಡಿಮೆ. 2013ರಲ್ಲಿ ಪ್ರಕಟವಾದ ಲೆಕ್ಕ ಇದು. ಫಿನ್ಲೆಂಡಿನಲ್ಲಿ 55 ದಾಟಿದವರ, ಪೆಟ್ಟಿಲ್ಲದೆ ಹರಿದ 180 ಭುಜಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ವ್ಯಾಯಾಮ ಮಾತ್ರ, ಇನ್ನೊಂದಕ್ಕೆ ಮೂಳೆಯ ಚಾವಣಿ ಕೆತ್ತಿ ವ್ಯಾಯಾಮ, ಮತ್ತೊಂದಕ್ಕೆ ಹೊಲಿಗೆಯೂ ಸೇರಿಸಿ ವ್ಯಾಯಾಮ ಕೊಟ್ಟರು. ಎರಡು ವರ್ಷದ ಹೊತ್ತಿಗೆ ನೋವಿನಲ್ಲಾಗಲಿ, ಕೆಲಸದಲ್ಲಾಗಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ.

"ವ್ಯಾಯಾಮದಿಂದ ಹರಿದದ್ದು ಕೂಡಿಕೊಳ್ಳುತ್ತದೆಯೇ?" ಎಂದು ಕೇಳುತ್ತೀರಿ. ಪೂರ್ತಿ ಹರಿದದ್ದು ಸಾಮಾನ್ಯವಾಗಿ ತಾನಾಗಿ ಕೂಡುವುದಿಲ್ಲ. ನಾಲ್ವರು ಸೊಸೆಯರಿರುವ ಮನೆಯಲ್ಲಿ ಒಬ್ಬಳು ಮಲಗಿದರೆ ಉಳಿದ ಮೂವರು ಹಂಚಿಕೊಂಡು ಅಡುಗೆ ಮುಗಿಸುವುದಿಲ್ಲವೇ? ಹಾಗೆ ಉಳಿದ ಮಾಂಸಖಂಡಗಳು ಕಲಿತುಕೊಂಡು ಕೈ ಎತ್ತುತ್ತವೆ. ಆದರೆ ಅವಕ್ಕೆ ಕಲಿಸಬೇಕು, ದಿನಾ ಕಲಿಸಬೇಕು.

ಡಾಕ್ಟರು ನೋಡಿ ಸರಿ ಅಂದ ಮೇಲೆ ಮನೆಯಲ್ಲಿ ಮಾಡಬಹುದಾದ ಕೆಲವು ಕಸರತ್ತುಗಳು ಇಲ್ಲಿವೆ. ಹೊಸದಾಗಿ ಬಿದ್ದು ಪೆಟ್ಟಾದವರು ಮಾತ್ರ ಪರೀಕ್ಷೆಗೆ ಮೊದಲು ಇವನ್ನು ಮಾಡಕೂಡದು.

1. ಲೋಲಕ: ಒಳ್ಳೆಯ ಕೈಯನ್ನು ಮೇಜಿಗೆ ಊರಿ ಮುಂದಕ್ಕೆ ಬಾಗಿ. ನೋವಿನ ಕೈಯನ್ನು ಸಡಿಲ ಬಿಟ್ಟು, ಗಡಿಯಾರದ ಲೋಲಕದ ಹಾಗೆ ಮೆಲ್ಲಗೆ ತೂಗಿ. ಒಂದೆರಡು ನಿಮಿಷ, ದಿನಕ್ಕೆ ಮೂರು ಸಲ. ಬಾಸ್ಟನ್ನಿನ ಕಾಡ್‌ಮನ್ ಎಂಬ ಡಾಕ್ಟರ ಹೆಸರು ಈ ಕಸರತ್ತಿಗಿದೆ. ಹರಿದ ಈ ತಂತನ್ನು 1909ರಲ್ಲೇ ಹೊಲಿದು ಹೆಸರಾದವರೂ ಅವರೇ. ಹೊಲಿಗೆ ಕಲಿಸಿದವರೇ ಕಸರತ್ತನ್ನೂ ಕಲಿಸಿದರು ನೋಡಿ!

2. ಗೋಡೆ ಹತ್ತುವುದು: ಗೋಡೆಯ ಮುಂದೆ ನಿಂತು ಬೆರಳುಗಳನ್ನು ಇರುವೆಯ ಹಾಗೆ ಮೇಲಕ್ಕೆ ನಡೆಸಿ. ಎಲ್ಲಿವರೆಗೆ ಹೋಯಿತೋ ಅಲ್ಲಿ ಪೆನ್ಸಿಲಿನಿಂದ ಗೆರೆ ಹಾಕಿ. ವಾರಕ್ಕೊಮ್ಮೆ ಗೆರೆ ಮೇಲೇರುವುದನ್ನು ನೋಡುವುದೇ ಒಂದು ಉತ್ಸಾಹ.

3. ಕೋಲಿನ ಸಹಾಯ: ಅಂಗಾತ ಮಲಗಿ, ಎರಡೂ ಕೈಯಲ್ಲಿ ಕೋಲು ಹಿಡಿದು, ಒಳ್ಳೆಯ ಕೈಯ ಬಲದಿಂದ ನೋವಿನ ಕೈಯನ್ನು ತಲೆಯ ಕಡೆಗೆ ಎತ್ತಿ. ಹತ್ತು ಸಲ.

4. ಹೆಗಲ ಹಲಗೆ ಕೂಡಿಸುವುದು: ನೆಟ್ಟಗೆ ಕೂತು ಬೆನ್ನಿನ ಎರಡು ಹಲಗೆಗಳನ್ನು ಹತ್ತಿರ ತಂದು ಐದು ಎಣಿಸಿ ಬಿಡಿ. ಹತ್ತು ಸಲ.

5. ರಬ್ಬರ್ ಪಟ್ಟಿ: ನೋವು ಇಳಿದ ಮೇಲೆ ಬಲ ಬರಿಸಲು ಇದು. ಮೊಣಕೈಯನ್ನು ಪಕ್ಕೆಗೆ ಒತ್ತಿ, ನಡುವೆ ಸುರುಳಿ ಸುತ್ತಿದ ಟವೆಲ್ ಇಟ್ಟು, ಮುಂಗೈಯನ್ನು ಹೊರಕ್ಕೆ ಎಳೆಯಬೇಕು. ಫಿಜಿಯೋಥೆರಪಿಯವರು ಒಮ್ಮೆ ತೋರಿಸಿಕೊಟ್ಟ ಮೇಲೆಯೇ ಮಾಡಿ.

ಮಾಡುವಾಗ ಸ್ವಲ್ಪ ನೋವಾದರೆ ತಪ್ಪಿಲ್ಲ. ಆ ರಾತ್ರಿ ನೋವು ಮೊದಲಿಗಿಂತ ಹೆಚ್ಚಾದರೆ ಮರುದಿನ ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಡಿ. ಕೈಯನ್ನು ತಿಂಗಳುಗಟ್ಟಲೆ ಜೋಳಿಗೆಯಲ್ಲಿ ಕಟ್ಟಿಡುವುದೂ ತಪ್ಪು, ಬಿಗಿದುಕೊಂಡು ಕೂರುತ್ತದೆ.

ಮಾತ್ರೆಯ ಬಗ್ಗೆ ಒಂದು ಮಾತು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನೋವಿನ ಮಾತ್ರೆಯನ್ನು ವಾರಗಟ್ಟಲೆ ನುಂಗಬೇಡಿ. ಹೊಟ್ಟೆಗೆ, ಮೂತ್ರಪಿಂಡಕ್ಕೆ, ಬಿ.ಪಿ.ಗೆ ಕೆಡುಕು. ಭುಜಕ್ಕೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ನೋವನ್ನು ಇಳಿಸಿ ವ್ಯಾಯಾಮಕ್ಕೆ ದಾರಿ ಮಾಡಿಕೊಡುತ್ತದೆ, ನಿಜ. ಆದರೆ ಅದರ ಗುಣ ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು. ಮೇಲಿಂದ ಮೇಲೆ ಚುಚ್ಚಿಸಿಕೊಂಡರೆ ತಂತೇ ದುರ್ಬಲವಾಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಇಂಜೆಕ್ಷನ್ ಆದ ಕೆಲವು ದಿನ ಸಕ್ಕರೆ ಏರುತ್ತದೆ, ತಪಾಸಣೆ ಬೇಕು. ಇಂಜೆಕ್ಷನ್ ಆದ ಹೊಸದರಲ್ಲೇ ಆಪರೇಷನ್ ಮಾಡಿಸಿದರೆ ಸೋಂಕಿನ ಭಯ ಹೆಚ್ಚು. ಯಾವಾಗ ಚುಚ್ಚಿಸಿಕೊಂಡಿರಿ ಎಂಬುದನ್ನು ಡಾಕ್ಟರಿಗೆ ಮರೆಯದೆ ಹೇಳಿ.

ಹೊಲಿಗೆಯ ದಾರಿ

ಈಗಿನ ಆಪರೇಷನ್ ಹಿಂದಿನಂತೆ ಭುಜವನ್ನೆಲ್ಲ ಸೀಳಿ ಮಾಡುವುದಲ್ಲ. ಸಾಮಾನ್ಯವಾಗಿ ಮೂರು ನಾಲ್ಕು ಸಣ್ಣ ತೂತು ಮಾಡಿ, ಒಂದರಲ್ಲಿ ದೂರ್ಬೀನು ಇಳಿಸಿ, ಮೂಳೆಯಲ್ಲಿ ಪುಟ್ಟ ಕೊಂಡಿಗಳನ್ನು ಕೂರಿಸಿ, ಅವುಗಳ ದಾರದಿಂದ ಹರಿದ ತುದಿಯನ್ನು ಎಳೆದು ಕಟ್ಟುತ್ತಾರೆ. ಗಾಯ ಸಣ್ಣದು. ಆದರೆ ಸೋದರಿಯರೇ, ಗಾಯ ಸಣ್ಣದಾದ ಮಾತ್ರಕ್ಕೆ ಪಥ್ಯ ಸಣ್ಣದಲ್ಲ! ತಂತು ಮೂಳೆಗೆ ಬೆಸೆದುಕೊಳ್ಳಲು ತಿಂಗಳುಗಳು ಬೇಕು. ಮೊದಲ ನಾಲ್ಕರಿಂದ ಆರು ವಾರ ಕೈ ಜೋಳಿಗೆಯಲ್ಲಿರಬೇಕು, ಮಲಗುವಾಗಲೂ. ಆಮೇಲೆ ಬೇರೆಯವರ ಸಹಾಯದಿಂದ ಕೈ ಆಡಿಸುವುದು, ಆಮೇಲೆ ತಾನಾಗಿ ಎತ್ತುವುದು. ಬಲದ ಕಸರತ್ತು ಸುಮಾರು ಮೂರು ತಿಂಗಳ ನಂತರ. ಕೊಡ ಎತ್ತುವುದು, ರೊಟ್ಟಿ ಬಡಿಯುವುದು ಇಂಥ ಭಾರದ ಕೆಲಸಕ್ಕೆ ನಾಲ್ಕರಿಂದ ಆರು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು. ಅಂದರೆ ಆಪರೇಷನ್ ಮಾಡಿಸಿಕೊಂಡರೂ ಕಸರತ್ತು ತಪ್ಪಿದ್ದಲ್ಲ.

ಹೊಲಿಗೆ ಮತ್ತೆ ಬಿಡುವುದೂ ಉಂಟು. ವಯಸ್ಸು ಹೆಚ್ಚಿದ್ದಷ್ಟೂ, ಹರುಕು ದೊಡ್ಡದಾದಷ್ಟೂ ಆ ಸಂಭವ ಹೆಚ್ಚು. ಸಕ್ಕರೆ ಹತೋಟಿಯಲ್ಲಿ ಇಲ್ಲದವರಿಗೆ, ತಂಬಾಕು ಬಿಡದವರಿಗೂ ಗಾಯ ಕೂಡುವುದು ನಿಧಾನ. ಸೋಂಕು, ಕೀಲು ಬಿಗಿಯುವುದು ಕೂಡ ಕೆಲವರಿಗೆ ಆಗುತ್ತದೆ.

ಹಾಗಾದರೆ ಹೊಲಿಗೆಯೇ ಬೇಡವೇ? ಹಾಗಲ್ಲ. ನಾರ್ವೆ ದೇಶದಲ್ಲಿ ಸಣ್ಣ ಮತ್ತು ಮಧ್ಯಮ ಹರುಕಿನ 103 ಜನರನ್ನು ಹತ್ತು ವರ್ಷ ಹಿಂಬಾಲಿಸಿ ನೋಡಿದ್ದಾರೆ. ಮೊದಲ ವರ್ಷಗಳಲ್ಲಿ ಎರಡು ಗುಂಪಿನ ಅಂತರ ಸಣ್ಣದಿತ್ತು. ಹತ್ತು ವರ್ಷವಾಗುವ ಹೊತ್ತಿಗೆ ಹೊಲಿಸಿಕೊಂಡವರ ಭುಜ ಮೇಲಾಗಿತ್ತು. ವ್ಯಾಯಾಮದ ಗುಂಪಿನಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ನಡುವೆ ಆಪರೇಷನ್ ಮಾಡಿಸಿಕೊಂಡಿದ್ದರು. ಹೊಲಿಯದ ಹರುಕು ಕೆಲವರಲ್ಲಿ ದೊಡ್ಡದಾಗುತ್ತಾ ಹೋಗುತ್ತದೆ, ಮಾಂಸಖಂಡ ಸೊರಗಿ ಕೊಬ್ಬು ತುಂಬುತ್ತದೆ. ಆಮೇಲೆ ಹೊಲಿಯಬೇಕೆಂದರೂ ತುದಿ ಎಳೆದರೆ ಬರುವುದಿಲ್ಲ. ಆದ್ದರಿಂದ ವ್ಯಾಯಾಮದ ದಾರಿ ಹಿಡಿದವರು "ನಂದು ಮುಗೀತು" ಎಂದು ಸುಮ್ಮನಾಗದೆ, ಡಾಕ್ಟರು ಹೇಳಿದ ಗಡುವಿಗೆ ಮತ್ತೆ ತೋರಿಸುತ್ತಿರಬೇಕು. ಬಲ ಕುಗ್ಗುತ್ತಿದ್ದರೆ ತಡ ಮಾಡಬಾರದು.

ಮನೆಯ ಹುಡುಗರು ಹೇಳಬಹುದು, "ಅನಿಲ್ ಕುಂಬ್ಳೆ ಭುಜದ ಆಪರೇಷನ್ ಮಾಡಿಸ್ಕೊಂಡು ಮತ್ತೆ ಆಡಲಿಲ್ವಾ ಅಮ್ಮ?" ಎಂದು. ನಿಜ. 2001ರಲ್ಲಿ ಭುಜದ ಶಸ್ತ್ರಚಿಕಿತ್ಸೆಯಿಂದಾಗಿ ನಮ್ಮ ಬೆಂಗಳೂರಿನ ಕುಂಬ್ಳೆ ಆಸ್ಟ್ರೇಲಿಯ ವಿರುದ್ಧದ ಸರಣಿ ತಪ್ಪಿಸಿಕೊಂಡರು. ಮತ್ತೆ ಮೈದಾನಕ್ಕಿಳಿದು 2008ರಲ್ಲಿ ನಿವೃತ್ತಿಯಾಗುವಾಗ 619 ಟೆಸ್ಟ್ ವಿಕೆಟ್ ಅವರ ಹೆಸರಲ್ಲಿತ್ತು. ಆದರೆ ಆಗ ಅವರಿಗೆ ಮೂವತ್ತು ವರ್ಷ, ಭುಜವೇ ಅವರ ವೃತ್ತಿ, ಅದರ ಆರೈಕೆಗೆ ತಿಂಗಳುಗಟ್ಟಲೆ ಬಿಡುವಿತ್ತು. 63ರ ಅಜ್ಜಿಗೆ ಅದೇ ಲೆಕ್ಕ ಹಾಕಲಾಗದು. ಹಾಗೆಯೇ, ರೊಟ್ಟಿ ಬಡಿದು ಬದುಕುವ ಹೆಣ್ಣಿನ ಭುಜವೂ ಒಂದು ವೃತ್ತಿಯ ಭುಜವೇ ಎಂಬುದನ್ನು ಮನೆಯವರು ಮರೆಯಬಾರದು.

ಇಬ್ಬರಿಗೂ ನನ್ನ ಉತ್ತರ

ದಾವಣಗೆರೆಯ ಅಕ್ಕನವರೇ, ನಿಮ್ಮ ನೋವು ಪೆಟ್ಟಿನಿಂದ ಬಂದದ್ದಲ್ಲ, ಮೆಲ್ಲಗೆ ಬಂದದ್ದು. ಮುಂದಿನ ವಾರವೇ ಆಪರೇಷನ್ ಆಗಬೇಕಾದ ತುರ್ತು ಇದರಲ್ಲಿಲ್ಲ. ಮೊದಲು ಸಕ್ಕರೆ ಹತೋಟಿಗೆ ತನ್ನಿ. ಮೂರು ತಿಂಗಳು ಫಿಜಿಯೋಥೆರಪಿಯವರ ಕೈಯಲ್ಲಿ ಕಲಿತು ಮನೆಯಲ್ಲಿ ಬಿಡದೆ ಮಾಡಿ. ತುರುಬು ಕಟ್ಟಿಕೊಳ್ಳಲು, ನಿದ್ದೆ ಮಾಡಲು ಸಾಧ್ಯವಾದರೆ ಅಷ್ಟಕ್ಕೇ ತೃಪ್ತಿಪಡಬಹುದು. ಆಗಲೂ ನಿದ್ದೆ ಬಾರದಷ್ಟು ನೋವಿದ್ದರೆ, ಬಲ ಇಳಿಯುತ್ತಾ ಬಂದರೆ, ಆಗ ಆಪರೇಷನ್ ಮಾತಾಡೋಣ. ವಯಸ್ಸು 63 ಆಯಿತೆಂದು ಆ ಬಾಗಿಲು ಮುಚ್ಚಿಲ್ಲ. ಮಗನಿಗೂ ಸಮಾಧಾನ ಹೇಳಿ. ಅವನ ಗಾಬರಿ ಪ್ರೀತಿಯದು. ಆದರೆ ಜೋಳಿಗೆ ಹಾಕಿಕೊಂಡು ಆರು ವಾರ ಕೂರಬೇಕಾದವರು ನೀವು. ತೀರ್ಮಾನವೂ ನಿಮ್ಮದೇ ಇರಲಿ.

ಹರಿಹರದ ತಂಗೀ, ನಿನಗೆ ಮಾತ್ರ ಗದರಿಸಿಯೇ ಹೇಳಬೇಕು: ಮದುವೆ ಮುಗಿಯುವವರೆಗೆ ಕಾಯಬೇಡಮ್ಮ! ಬಿದ್ದ ಕೂಡಲೇ ಕೈ ಬಲ ಹೋಗಿದೆ, ಮೂರು ವಾರವಾದರೂ ಬಂದಿಲ್ಲ. ಇದು ಗಟ್ಟಿ ಬಟ್ಟೆ ಒಮ್ಮೆಲೇ ಹರಿದ ಲಕ್ಷಣ. ಇಂಥದ್ದನ್ನು ಹೊಲಿಯಬೇಕಾದರೆ ಮೊದಲ ಕೆಲವು ವಾರಗಳಲ್ಲೇ ಹೊಲಿದರೆ ಫಲ ಚೆನ್ನ. ತಿಂಗಳುಗಳು ಉರುಳಿದರೆ ತುದಿ ಒಳಕ್ಕೆ ಸರಿದು ಕೆಲಸ ಕಷ್ಟವಾಗುತ್ತದೆ. ಎಣ್ಣೆ ತಿಕ್ಕಿ ಎಳೆಸುವುದನ್ನು ಇವತ್ತೇ ನಿಲ್ಲಿಸು. ಈ ವಾರವೇ ಮೂಳೆ ತಜ್ಞರಿಗೆ ತೋರಿಸು, ಸ್ಕ್ಯಾನ್ ಬೇಕೇ ಎಂದು ನೀನಾಗಿ ಕೇಳು. ಹರುಕಿಲ್ಲ ಎಂದಾದರೆ ನೆಮ್ಮದಿ. ಇದ್ದರೆ ಏನು ಮಾಡಬೇಕೆಂದು ಅವರು ಹೇಳುತ್ತಾರೆ. ಮದುವೆ ಮನೆಯಲ್ಲಿ ತಾಯಿ ಕೈಗೆ ಜೋಳಿಗೆ ಹಾಕಿಕೊಂಡು ಅಕ್ಷತೆ ಹಾಕಿದರೆ ಯಾವ ಶಾಸ್ತ್ರವೂ ಕೆಡುವುದಿಲ್ಲ. ದುಡಿಯುವ ಕೈ ಜೀವಮಾನವಿಡೀ ಜೋತುಬಿದ್ದರೆ ಆಗ ಮನೆಯೇ ಕೆಡುತ್ತದೆ.

ಎಲ್ಲಿಗೆ ಹೋಗುವುದು ಎಂಬ ಚಿಂತೆ ನಿಮ್ಮ ಕಡೆಯವರಿಗೆ ಅಷ್ಟಾಗಿ ಬೇಡ. ದಾವಣಗೆರೆಯಲ್ಲಿ 1965ರಿಂದ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿದೆ, ಬಾಪೂಜಿ ಆಸ್ಪತ್ರೆ, ಚಿಗಟೇರಿ ಜಿಲ್ಲಾ ಆಸ್ಪತ್ರೆ ಇವೆ. ಮೊದಲ ಪರೀಕ್ಷೆಗೆ ಬೆಂಗಳೂರಿಗೇ ಓಡಬೇಕಾಗಿಲ್ಲ. ಬಡತನ ರೇಖೆಯ ಕಾರ್ಡಿದ್ದವರು ಅದನ್ನೂ ಆಧಾರ್ ಕಾರ್ಡನ್ನೂ ಜೊತೆಗೆ ಒಯ್ಯಿರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ನಿಮ್ಮ ಚಿಕಿತ್ಸೆ ಅದರಲ್ಲಿ ಬರುತ್ತದೆಯೇ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ದಾಖಲಾಗುವ ಮೊದಲೇ ಕೇಳಿ. ಕಾರ್ಖಾನೆ ಕೆಲಸದವರ ಮನೆಯವರಾದರೆ ಇ.ಎಸ್.ಐ. ಸೌಲಭ್ಯ ವಿಚಾರಿಸಿ.

ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳು

ಅಲ್ಲಿಗೆ ಹೋದಾಗ ಬಾಯಿ ಕಟ್ಟುತ್ತದೆ, ಹೊರಗೆ ಬಂದ ಮೇಲೆ ಎಲ್ಲ ನೆನಪಾಗುತ್ತದೆ. ಆದ್ದರಿಂದ ಚೀಟಿಯಲ್ಲಿ ಬರೆದುಕೊಂಡು ಹೋಗಿ:

• ಹರಿದಿರುವುದು ಅರ್ಧವೋ, ಪೂರ್ತಿಯೋ? ಎಷ್ಟು ದೊಡ್ಡದು?
• ಇದು ಸವೆತದ್ದೋ, ಪೆಟ್ಟಿನದೋ?
• ಮಾಂಸಖಂಡ ಸೊರಗಿದೆಯೇ?
• ಮೂರು ತಿಂಗಳು ವ್ಯಾಯಾಮ ಮಾಡಿ ನೋಡಿದರೆ ನನಗೇನಾದರೂ ನಷ್ಟವಿದೆಯೇ?
• ಆಪರೇಷನ್ ಆದರೆ ಎಷ್ಟು ದಿನ ಕೈ ಕಟ್ಟಿರಬೇಕು? ನನ್ನ ಕೆಲಸಕ್ಕೆ ಯಾವಾಗ ಮರಳಬಹುದು?
• ಹೊಲಿಗೆ ಬಿಡುವ ಸಂಭವ ನನ್ನ ವಯಸ್ಸಿಗೆ ಎಷ್ಟು?
• ಒಟ್ಟು ಖರ್ಚೆಷ್ಟು, ಫಿಜಿಯೋಥೆರಪಿಯದೂ ಸೇರಿಸಿ?

ಉತ್ತರ ಸಮಾಧಾನ ತರದಿದ್ದರೆ ಇನ್ನೊಬ್ಬ ತಜ್ಞರನ್ನು ಕೇಳುವುದರಲ್ಲಿ ತಪ್ಪಿಲ್ಲ. ಒಳ್ಳೆಯ ಡಾಕ್ಟರು ಅದಕ್ಕೆ ಬೇಸರಪಡುವುದಿಲ್ಲ.

ಯಾವ ದಾರಿ ಹಿಡಿದರೂ ಈ ಕಿವಿಮಾತುಗಳು

• ರವಿಕೆ ತೊಡುವಾಗ ನೋವಿನ ಕೈ ಮೊದಲು, ಕಳಚುವಾಗ ನೋವಿನ ಕೈ ಕೊನೆಗೆ. ಹುಕ್ಕು ಮುಂದಿರಲಿ.
• ದಿನಾ ಬೇಕಾಗುವ ಡಬ್ಬಿಗಳನ್ನು ಸೊಂಟದ ಮಟ್ಟಕ್ಕೆ ಇಳಿಸಿ. ಬಟ್ಟೆಯ ತಂತಿಯನ್ನೂ ಇಳಿಸಿ ಕಟ್ಟಿ.
• ನೋವಿನ ಮಗ್ಗುಲಿಗೆ ಮಲಗಬೇಡಿ. ಅಂಗಾತ ಮಲಗಿ ಮೊಣಕೈ ಕೆಳಗೆ ಪುಟ್ಟ ದಿಂಬು ಇಡಿ. ಆಪರೇಷನ್ ಆದವರಿಗೆ ಮೊದಲ ವಾರಗಳಲ್ಲಿ ಒರಗಿ ಮಲಗುವುದು ಹಿತ.
• ಬಸ್ಸಿನಲ್ಲಿ ಮೇಲಿನ ಕಂಬಿ ಬೇಡ, ಸೀಟಿನ ಹಿಡಿ ಹಿಡಿಯಿರಿ.
• ಬಚ್ಚಲ ಕಲ್ಲನ್ನು ವಾರಕ್ಕೊಮ್ಮೆ ಉಜ್ಜಿ ಪಾಚಿ ತೆಗೆಸಿ. ಎಷ್ಟೋ ಭುಜಗಳು ಅಲ್ಲೇ ಮುರಿಯುವುದು!

ಗಂಡಸರಿಗೊಂದು ಅಡುಗೆ

ಮನೆಯಾಕೆಯ ಕೈ ಜೋಳಿಗೆಯಲ್ಲಿರುವ ಆರು ವಾರ ಅಡುಗೆಮನೆ ಯಾರದು? ಇದನ್ನು ಆಸ್ಪತ್ರೆಗೆ ಹೋಗುವ ಮೊದಲೇ ಮನೆಯವರೆಲ್ಲ ಕೂತು ತೀರ್ಮಾನಿಸಬೇಕು. ರೊಟ್ಟಿಯನ್ನು ಕೊಂಡು ತರಬಹುದು. ಒಣರೊಟ್ಟಿ ಡಬ್ಬಿ ತುಂಬಿಡಬಹುದು. ಬೆಳಗಿನ ತಿಂಡಿಗೆ ನಿಮ್ಮೂರಿನ ಒಗ್ಗರಣೆ ಮಂಡಕ್ಕಿ ಇದ್ದೇ ಇದೆ. ಲೋಟ ತೊಳೆಯಲೂ ಬಾರದ ಗಂಡಸರೂ ಇದನ್ನು ಮಾಡಬಲ್ಲರು.

ನಾಲ್ಕು ಜನಕ್ಕೆ ದೊಡ್ಡ ಬೋಗುಣಿ ತುಂಬ ಮಂಡಕ್ಕಿ. ನೀರಿನಲ್ಲಿ ಅದ್ದಿ, ನೆನೆಯಲು ಬಿಡದೆ ಕೂಡಲೇ ಹಿಂಡಿ ತೆಗೆಯಿರಿ. ಬಾಣಲೆಯಲ್ಲಿ ಮೂರು ಚಮಚ ಎಣ್ಣೆ ಕಾಯಿಸಿ ಸಾಸಿವೆ, ಕಡಲೆಬೇಳೆ, ಒಂದು ಹಿಡಿ ಶೇಂಗಾ ಹಾಕಿ. ಅವು ಕೆಂಪಾದ ಮೇಲೆ ಸೀಳಿದ ನಾಲ್ಕು ಹಸಿಮೆಣಸಿನಕಾಯಿ, ಕರಿಬೇವು, ಹೆಚ್ಚಿದ ಎರಡು ಈರುಳ್ಳಿ, ಚಿಟಿಕೆ ಅರಿಶಿನ, ಉಪ್ಪು. ಈರುಳ್ಳಿ ಮೆತ್ತಗಾದ ಮೇಲೆ ಮಂಡಕ್ಕಿ ಸೇರಿಸಿ ಮೆಲ್ಲಗೆ ಕೈಯಾಡಿಸಿ. ಒಲೆ ಆರಿಸಿ, ಮೂರು ಚಮಚ ಹುರಿಗಡಲೆ ಪುಡಿ ಉದುರಿಸಿ, ನಿಂಬೆಹಣ್ಣು ಹಿಂಡಿ, ಕೊತ್ತಂಬರಿ ಸೊಪ್ಪು ಹಾಕಿ. ಬಿಸಿಬಿಸಿ ಇರುವಾಗಲೇ ಮೊದಲ ತಟ್ಟೆಯನ್ನು, ಒಂದು ದಿನವಾದರೂ, ಮನೆಯಾಕೆಗೆ ಕೊಡಿ.

ಮುಂದಿನ ಸಂಚಿಕೆಯಲ್ಲಿ ಮಂಡಿನೋವಿನ ವಿಷಯ ನೋಡೋಣ. ಪತ್ರ ಬರೆಯುವಾಗ ವಯಸ್ಸು, ಕೆಲಸ, ನೋವು ಶುರುವಾಗಿ ಎಷ್ಟು ದಿನವಾಯಿತು, ಸಕ್ಕರೆ, ಬಿ.ಪಿ. ಇದೆಯೇ ಎಂಬುದನ್ನು ಬರೆಯಲು ಮರೆಯಬೇಡಿ.